ಮನೆಭೇಟಿ ಪುಸ್ತಕದಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು: ವಿಕಲಚೇತನರ ಸೇವೆಯಲ್ಲಿರುವವರಿಗೆ

ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಕರೆದುಕೊಂಡು ಅವನ ತಾಯಿಯೂ ನಾನೂ ನರರೋಗ ತಜ್ಞರ ಮುಂದೆ ಕುಳಿತಿದ್ದೆವು. ಸೆರೆಬ್ರಲ್ ಪಾಲ್ಸಿಯ (ಮಿದುಳಿನ ತೊಂದರೆಯಿಂದ ಮೈಕೈಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಜೊತೆಗೆ ಅವನಿಗೆ ಮೂರ್ಛೆಯೂ ಇತ್ತು. ಮಾತ್ರೆ ಬದಲಿಸಿದ ಮೇಲೆ ಫಿಟ್ಸ್ ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ ಎಂದು ವೈದ್ಯರು ಕೇಳಿದಾಗ ತಾಯಿ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ನಮ್ಮ ಹಗಲು ಆರೈಕೆ ಕೇಂದ್ರದ ನಾಲ್ಕು ತಿಂಗಳ ಪುಸ್ತಕವಿತ್ತು. ದಿನಕ್ಕೊಂದು ಸಾಲಿನಂತೆ ಅದರಲ್ಲಿ ‘ಹಾಜರಿದ್ದ, ಚೆನ್ನಾಗಿದ್ದ, ಊಟ ಮಾಡಿದ’ ಎಂದಷ್ಟೇ ಬರೆದಿತ್ತು. ಫಿಟ್ಸ್ ಬಂದ ದಿನಗಳಲ್ಲೂ ಸಂಜೆಯ ಹೊತ್ತಿಗೆ ಅವನು ಚೇತರಿಸಿಕೊಂಡಿರುತ್ತಿದ್ದುದರಿಂದ ಅದೇ ಸಾಲು ಬಿದ್ದಿತ್ತು. ಒಂದು ತಿಂಗಳು ಸರಿಯಾಗಿ ಬರೆದುಕೊಂಡು ಬನ್ನಿ ಎಂದು ವೈದ್ಯರು ಕಳುಹಿಸಿದರು. ಆ ಒಂದು ತಿಂಗಳನ್ನು ಹುಡುಗ ತನಗೆ ಒಗ್ಗದ ಔಷಧಿಯ ಮೇಲೆಯೇ ಕಳೆದ. ಆ ತಪ್ಪು ನಮ್ಮದಾಗಿತ್ತು.

ಪುಸ್ತಕ ಬರೆಯುವುದು ಮೇಲಧಿಕಾರಿಗೆ ತೋರಿಸಲು ಎಂಬ ಭಾವನೆ ನಮ್ಮ ಕ್ಷೇತ್ರದಲ್ಲಿ ಆಳವಾಗಿ ಬೇರೂರಿದೆ. ಹಾಗೆ ತಿಳಿದು ಬರೆದ ಪುಸ್ತಕ ತಪಾಸಣೆಯ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾಳೆ ಬೆಳಿಗ್ಗೆ ನಿಮ್ಮ ಬದಲಿಗೆ ಬೇರೊಬ್ಬರು ಆ ಮನೆಗೆ ಹೋದರೆ, ತಾಯಿಯನ್ನು ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳುವಂತೆ ಮಾಡದೆ ಅವರು ಕೆಲಸ ಮುಂದುವರಿಸುವಂತಿರಬೇಕು. ನೀವು ಬರೆಯುತ್ತಿರುವುದು ಅವರಿಗಾಗಿ, ಮತ್ತು ಯಾರ ಬಗ್ಗೆ ಬರೆಯುತ್ತಿದ್ದೀರೋ ಆ ವ್ಯಕ್ತಿಗಾಗಿ. ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಾದ ಗ್ರಾಮ ಪಂಚಾಯಿತಿ ಮಟ್ಟದ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ, ನಗರದ ಯುಆರ್‌ಡಬ್ಲ್ಯೂ, ಸ್ವಯಂಸೇವಾ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತರು, ವಿಶೇಷ ಶಾಲೆಯ ಆಯಾಗಳು, ಇವರೆಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲ ಪುಟ

ಪ್ರತಿಯೊಬ್ಬರಿಗೂ ಒಂದು ಕಡತವಿರಲಿ, ಅದರ ಮೊದಲ ಪುಟವನ್ನು ಊಹೆಯಿಂದಾಗಲೀ ಕೇಳಿದ ಮಾತಿನಿಂದಾಗಲೀ ತುಂಬದೆ, ಮೂಲ ದಾಖಲೆಗಳನ್ನು ಎದುರಿಗಿಟ್ಟುಕೊಂಡು ತುಂಬಿ. ಆಧಾರ್, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೇಗಿದೆ ಎಂದು ನೋಡಿ. ಇನಿಶಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಶಾಲೆಗೆ ಸೇರಿಸುವಾಗ ಹಾಕಿದ ಹುಟ್ಟಿದ ದಿನ ಒಂದು, ಕಾರ್ಡಿನಲ್ಲಿರುವುದು ಇನ್ನೊಂದು. ಮಾಸಾಶನದ ಅರ್ಜಿ ಹಿಂದಕ್ಕೆ ಬರಲು ಇಂಥ ವ್ಯತ್ಯಾಸಗಳೇ ಸಾಕು. ಯಾವ ದಾಖಲೆಯಲ್ಲಿ ಯಾವ ಕಾಗುಣಿತವಿದೆ ಎಂಬುದನ್ನು ಹಾಗೆಯೇ ಬರೆದಿಡಿ. ನಿಮಗೆ ಸರಿ ಕಂಡ ರೂಪಕ್ಕೆ ತಿದ್ದಬೇಡಿ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಮತ್ತು ಮೀಸಲಾತಿಯಂಥ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇಕಡ 40ರಷ್ಟು ಪ್ರಮಾಣವನ್ನು ಕೇಳುತ್ತದೆ. ಆದ್ದರಿಂದ ಪ್ರಮಾಣಪತ್ರದಲ್ಲಿರುವ ಬಗೆ, ಶೇಕಡಾವಾರು, ಅದು ಶಾಶ್ವತವೋ ತಾತ್ಕಾಲಿಕವೋ ಎಂಬ ಮೂರನ್ನೂ ದಾಖಲಿಸಿ. ತಾತ್ಕಾಲಿಕವಾದರೆ ಅವಧಿ ಮುಗಿಯುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ಅದಕ್ಕೆ ಮೂರು ತಿಂಗಳ ಮುಂಚಿನ ತಾರೀಕನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನಿರಾಮಯ ಆರೋಗ್ಯ ವಿಮೆಯ ನವೀಕರಣಕ್ಕೂ ಇದೇ ಕ್ರಮವಿರಲಿ.

ಇನ್ನೊಂದು ತಾರೀಕನ್ನು ಬಹಳಷ್ಟು ಕಡತಗಳಲ್ಲಿ ನಾನು ಕಂಡಿಲ್ಲ: ಮಗುವಿಗೆ 18 ತುಂಬುವ ದಿನ. ಬೌದ್ಧಿಕ ಅಂಗವೈಕಲ್ಯವಿರುವ ಮಗ ಎಷ್ಟೇ ದೊಡ್ಡವನಾದರೂ ತಾವೇ ಅವನ ಕಾನೂನುಬದ್ಧ ಪೋಷಕರು ಎಂದು ತಂದೆತಾಯಿ ನಂಬಿರುತ್ತಾರೆ. ಹದಿನೆಂಟರ ನಂತರ ಅದು ತಾನಾಗಿ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ಪೋಷಕರ ಅಗತ್ಯವಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಈ ವಿಷಯ ತಿಳಿಯದೆ ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಹಿಂದಿರುಗಿದ ತಾಯಂದಿರನ್ನು ಕಂಡಿದ್ದೇನೆ. ಒಂದು ತಾರೀಕು ಮೊದಲೇ ಬರೆದಿದ್ದರೆ ಆ ಅಲೆದಾಟ ತಪ್ಪುತ್ತಿತ್ತು.

ಕಂಡದ್ದು, ಕೇಳಿದ್ದು, ಅನಿಸಿದ್ದು

ದಿನದ ಟಿಪ್ಪಣಿಯಲ್ಲಿ ನಾವು ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕಣ್ಣಿಗೆ ಕಂಡದ್ದು, ಬೇರೆಯವರು ಹೇಳಿದ್ದು, ನಮಗೆ ಅನಿಸಿದ್ದು ಇವು ಮೂರು ಬೇರೆ ಬೇರೆ. ‘ಇಂದು ಮಧ್ಯಾಹ್ನ ತುಂಬ ಗಲಾಟೆ ಮಾಡಿದಳು, ಊಟ ಎಸೆದಳು, ಹಠ’ ಎಂಬ ಟಿಪ್ಪಣಿಯನ್ನೇ ತೆಗೆದುಕೊಳ್ಳಿ. ಇದನ್ನು ಓದಿದವರಿಗೆ ಆ ಹುಡುಗಿಯ ಬಗ್ಗೆ ಒಂದು ಅಭಿಪ್ರಾಯ ಹುಟ್ಟುತ್ತದೆ, ಮಾಡಬೇಕಾದ ಕೆಲಸ ಯಾವುದೂ ಹೊಳೆಯುವುದಿಲ್ಲ. ಅದೇ ಘಟನೆಯನ್ನು ಹೀಗೂ ಬರೆಯಬಹುದು: ‘12.40ಕ್ಕೆ ಊಟಕ್ಕೆ ಕುಳಿತಳು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಕೂಗಿದಳು, ತಟ್ಟೆಯನ್ನು ತಳ್ಳಿದಳು. ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಸುಮಾರು ಹತ್ತು ನಿಮಿಷದಲ್ಲಿ ಸುಮ್ಮನಾದಳು. 1.05ಕ್ಕೆ ಅಲ್ಲಿಯೇ ಎರಡು ಚಪಾತಿ ತಿಂದಳು.’ ಇದರಲ್ಲಿ ಹಠ ಎಂಬ ಮಾತಿಲ್ಲ. ಮಿಕ್ಸಿಯ ಸದ್ದಿಗೂ ಅವಳ ಕೂಗಿಗೂ ನಂಟಿರಬಹುದು ಎಂಬುದು ಓದಿದವರಿಗೆ ತಾನಾಗಿ ಹೊಳೆಯುತ್ತದೆ, ನಾಳೆ ಊಟದ ಹೊತ್ತಿಗೆ ಮಿಕ್ಸಿ ಹಾಕದಿದ್ದರಾಯಿತು.

ನಿಮ್ಮ ಅನಿಸಿಕೆಗೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ವರ್ಷಗಟ್ಟಲೆ ಜೊತೆಗಿದ್ದವರ ಅನಿಸಿಕೆ ಎಷ್ಟೋ ಸಲ ನಿಜವೇ ಆಗಿರುತ್ತದೆ. ಆದರೆ ಅದನ್ನು ‘ನನಗೆ ಹೀಗೆ ಅನಿಸಿತು, ಏಕೆಂದರೆ’ ಎಂದು ಕಾರಣ ಸಹಿತ ಬೇರೆ ಸಾಲಿನಲ್ಲಿ ಬರೆಯಿರಿ. ಬೇರೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಉದ್ಧರಣ ಚಿಹ್ನೆಯೊಳಗೆ ಇಡಿ, ಯಾರು ಹೇಳಿದರು ಎಂಬುದನ್ನೂ ಸೇರಿಸಿ. ಅಜ್ಜಿ ‘ರಾತ್ರಿಯೆಲ್ಲ ಮಗ್ಗುಲು ಬದಲಿಸಲಿಲ್ಲ’ ಎಂದರೆ ಆ ಮಾತನ್ನು ‘ನಿದ್ರೆ ಸರಿಯಿಲ್ಲ’ ಎಂದು ಕುಗ್ಗಿಸಬೇಡಿ. ಹಾಸಿಗೆ ಹುಣ್ಣಿನ ಅಪಾಯವಿರುವ ವ್ಯಕ್ತಿಯ ವಿಷಯದಲ್ಲಿ ಅಜ್ಜಿಯ ಮಾತಿಗಿರುವ ಅರ್ಥವೇ ಬೇರೆ. ಅಂಥವರ ಮನೆಗೆ ಹೋದಾಗ ‘ಹುಣ್ಣು ವಾಸಿಯಾಗುತ್ತಿದೆ’ ಎಂದು ಬರೆಯುವ ಬದಲು ಅಳತೆಪಟ್ಟಿ ಹಿಡಿದು ಉದ್ದ, ಅಗಲವನ್ನು ಸೆಂಟಿಮೀಟರಿನಲ್ಲಿ ಬರೆಯಿರಿ. ಬಣ್ಣ, ವಾಸನೆ, ಕೀವು ಇದೆಯೇ ಎಂಬುದನ್ನೂ ನಮೂದಿಸಿ.

ಪದಗಳ ಆಯ್ಕೆಯಲ್ಲಿ ಒಂದು ಸರಳ ಪರೀಕ್ಷೆಯಿದೆ. ಬರೆದದ್ದನ್ನು ಆ ವ್ಯಕ್ತಿಯ ಎದುರು ಕುಳಿತು ಗಟ್ಟಿಯಾಗಿ ಓದಲು ನಿಮಗೆ ಸಂಕೋಚವಾದರೆ ಆ ಪದ ಬೇಡ. ಮೊಂಡ, ಪೆದ್ದ, ಅರೆಹುಚ್ಚು ಎಂಬ ಮಾತುಗಳು ಇಂದಿಗೂ ಕೆಲವು ಕಡತಗಳಲ್ಲಿ ಉಳಿದಿವೆ ಎಂಬುದು ನೋವಿನ ಸಂಗತಿ. ನಿಜಕ್ಕೂ ಓದಿ ಹೇಳಿ ಕೂಡ. ಓದಲು ಬಾರದವರಿಗೆ ಓದಿ ಹೇಳಿ, ಶ್ರವಣದೋಷವುಳ್ಳವರಿಗೆ ಸನ್ನೆ ಭಾಷೆ ಬಲ್ಲವರ ಮೂಲಕ ತಿಳಿಸಿ, ಹಾಗೆ ತಿಳಿಸಿದವರ ಹೆಸರನ್ನು ಬರೆಯಿರಿ. ‘ನಾನು ಹಾಗೆ ಹೇಳಲಿಲ್ಲ’ ಎಂದು ಆ ವ್ಯಕ್ತಿ ಆಕ್ಷೇಪಿಸಿದರೆ ಆ ಆಕ್ಷೇಪವೂ ದಾಖಲೆಯ ಭಾಗವಾಗಬೇಕು.

ಗುರಿಗಳನ್ನು ಬರೆಯುವಾಗಲೂ ಕಣ್ಣಿಗೆ ಕಾಣುವಂಥದ್ದನ್ನೇ ಬರೆಯಿರಿ. ‘ಸ್ವಾವಲಂಬಿಯಾಗಿಸುವುದು’ ಎಂದರೆ ಆರು ತಿಂಗಳ ನಂತರ ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ‘ದಸರೆಯ ಹೊತ್ತಿಗೆ ಗೋಡೆಯ ಕಂಬಿ ಹಿಡಿದು ನಡುಮನೆಯಿಂದ ಬಚ್ಚಲಿನವರೆಗೆ ತಾನೇ ಹೋಗುವುದು, ಈಗ ಮೂರು ಹೆಜ್ಜೆ ಇಡುತ್ತಾನೆ’ ಎಂದು ಬರೆದರೆ ಮನೆಯವರೇ ಅಳೆಯಬಲ್ಲರು. ಆ ಗುರಿ ಆ ವ್ಯಕ್ತಿಯೇ ಬಯಸಿದ್ದೋ, ನಾವು ಹೇರಿದ್ದೋ ಎಂಬುದನ್ನೂ ಪಕ್ಕದಲ್ಲಿ ಬರೆಯುವ ಅಭ್ಯಾಸ ಒಳ್ಳೆಯದು.

ಔಷಧಿ ಮತ್ತು ಮೂರ್ಛೆಯ ಪಟ್ಟಿ

ಔಷಧಿಗೆ ಪ್ರತ್ಯೇಕ ಹಾಳೆ ಬೇಕು. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಕೊಟ್ಟವರು ಯಾರು, ನುಂಗಿದರೋ ಉಗುಳಿದರೋ ಬೇಡವೆಂದರೋ, ಇವಿಷ್ಟೂ ಅದರಲ್ಲಿರಬೇಕು. ಕೊಟ್ಟ ಮೇಲೆ ಸಹಿ. ಕೊಡುವ ಮುಂಚೆ ಎಂದಿಗೂ ಬೇಡ. ಬೆಳಿಗ್ಗೆಯೇ ಇಡೀ ದಿನದ ಸಹಿಗಳನ್ನು ಹಾಕಿಟ್ಟು ನಂತರ ಕೆಲಸದ ಒತ್ತಡದಲ್ಲಿ ಒಂದು ಹೊತ್ತಿನ ಮಾತ್ರೆ ಮರೆತರೆ, ಮಾತ್ರೆ ಕೊಟ್ಟಿದ್ದಾರೆ ಎಂದು ಪುಸ್ತಕ ಸುಳ್ಳು ಹೇಳುತ್ತದೆ, ಮತ್ತು ಆ ಸುಳ್ಳನ್ನು ನಂಬಿ ವೈದ್ಯರು ಪ್ರಮಾಣ ಏರಿಸಬಹುದು.

ಮೂರ್ಛೆಯ ಪಟ್ಟಿಯಲ್ಲಿ ಮೊದಲ ಕಾಲಂ ಆರಂಭದ ಸಮಯದ್ದು. ಫಿಟ್ಸ್ ಬಂದ ಕ್ಷಣದಲ್ಲಿ ಎಲ್ಲರಿಗೂ ಅದು ಬಹಳ ಹೊತ್ತು ಇದ್ದಂತೆ ತೋರುವುದರಿಂದ ಅಂದಾಜು ನಂಬಲರ್ಹವಲ್ಲ. ಗಡಿಯಾರ ನೋಡಿ ಅಥವಾ ಫೋನಿನಲ್ಲಿ ಸಮಯ ಹಿಡಿಯಿರಿ. ಐದು ನಿಮಿಷ ದಾಟಿದರೆ ಅದು ತುರ್ತು ಸ್ಥಿತಿ. ಆಗ ಪುಸ್ತಕವನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು. ಯಾವ ಕೈ ಅಥವಾ ಕಾಲಿನಿಂದ ಶುರುವಾಯಿತು, ಕಣ್ಣು ಯಾವ ಕಡೆಗೆ ತಿರುಗಿತು, ಮೈಯೆಲ್ಲ ಸೆಟೆಯಿತೋ ಬರೀ ದಿಟ್ಟಿಸಿ ನಿಂತರೋ, ಮೂತ್ರ ಹೋಯಿತೇ, ಎಷ್ಟು ಹೊತ್ತಿಗೆ ಮಾತಿಗೆ ಸ್ಪಂದಿಸಿದರು, ಹಿಂದಿನ ದಿನ ಜ್ವರವಿತ್ತೇ, ನಿದ್ರೆಗೆಟ್ಟಿದ್ದರೇ, ಮಾತ್ರೆ ತಪ್ಪಿತ್ತೇ ಎಂಬುದೆಲ್ಲ ವೈದ್ಯರಿಗೆ ಬೇಕು. ಮೊದಲು ಹೇಳಿದ ಹುಡುಗನಿಗೆ ನಾವು ಮಾಡಿದ ಪಟ್ಟಿ ಒಂದು ಹಾಳೆಯದು. ಅದನ್ನು ಗೋಡೆಗೆ ಪೆನ್ಸಿಲ್ ಸಹಿತ ನೇತುಹಾಕಿದೆವು, ಇನ್ನೊಂದನ್ನು ತಾಯಿ ಮನೆಯಲ್ಲಿ ಇಟ್ಟುಕೊಂಡರು. ಮುಂದಿನ ಭೇಟಿಯಲ್ಲಿ ಎರಡನ್ನೂ ಜೋಡಿಸಿ ನೋಡಿದಾಗ ಹೆಚ್ಚಿನವು ನಸುಕಿನಲ್ಲಿ ಬಂದದ್ದು ಗೊತ್ತಾಗಿ, ವೈದ್ಯರು ರಾತ್ರಿಯ ಮಾತ್ರೆಯನ್ನು ಬದಲಿಸಿದರು.

ಪೆಟ್ಟು, ಬೀಳುವಿಕೆ, ದೂರು

ಇಂಥದ್ದು ನಡೆದಾಗ ಮೊದಲು ವ್ಯಕ್ತಿಯನ್ನು ನೋಡಿಕೊಳ್ಳಿ, ಅನಂತರ ಅದೇ ದಿನ ಬರೆಯಿರಿ. ದೇಹದ ಮುಂಬದಿ, ಹಿಂಬದಿಯ ರೇಖಾಚಿತ್ರವಿರುವ ಹಾಳೆಯನ್ನು ಮುದ್ರಿಸಿಟ್ಟುಕೊಂಡರೆ ಗಾಯದ ಜಾಗವನ್ನು ಗುರುತಿಸಲು ಸುಲಭ. ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ, ಅವರು ಏನೆಂದರು ಎಂಬುದು ತಪ್ಪದೆ ಇರಲಿ.

ದೌರ್ಜನ್ಯದ ಶಂಕೆಯಿದ್ದಾಗ ಬರವಣಿಗೆಯ ಹೊಣೆ ಇನ್ನಷ್ಟು ಹೆಚ್ಚುತ್ತದೆ. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ, ತೋರಿಸಿದ ಸನ್ನೆಯನ್ನು ತೋರಿಸಿದ ಹಾಗೆಯೇ ಬರೆಯಿರಿ. ಸಭ್ಯ ಪದಗಳಿಗೆ ಬದಲಿಸಬೇಡಿ. ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಳ್ಳುವುದು ನಿಮ್ಮ ಕೆಲಸವಲ್ಲ. 2012ರ ಪೋಕ್ಸೊ ಕಾಯ್ದೆಯಡಿ, ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ಸಂಸ್ಥೆಯ ಮುಖ್ಯಸ್ಥರು ಬೇಡವೆಂದರೂ ಆ ಹೊಣೆ ತಪ್ಪುವುದಿಲ್ಲ. ವಯಸ್ಕರ ಮೇಲಿನ ದೌರ್ಜನ್ಯದ ಮಾಹಿತಿಯನ್ನು 2016ರ ಕಾಯ್ದೆಯ 7ನೆಯ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಡಬಹುದು. ಈ ಟಿಪ್ಪಣಿಗಳು ದಿನದ ಪುಸ್ತಕದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರದೆ ಬೀಗವಿರುವ ಪ್ರತ್ಯೇಕ ಕಡತದಲ್ಲಿರಲಿ.

ತಿದ್ದುವುದು, ಕಾಪಾಡುವುದು

ಪುಟಗಳಿಗೆ ಸಂಖ್ಯೆಯಿರುವ, ಹೊಲಿದ ಪುಸ್ತಕ ಬಳಸಿ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ, ತಾರೀಕು ಹಾಕಿ. ವೈಟ್ನರ್ ಹಚ್ಚಿದ ಸಾಲನ್ನು ಯಾರೂ ನಂಬುವುದಿಲ್ಲ. ಮರೆತದ್ದನ್ನು ಮರುದಿನ ಬರೆಯುವುದಾದರೆ ‘ತಡವಾಗಿ ಬರೆದದ್ದು’ ಎಂಬ ಸೂಚನೆಯೊಂದಿಗೆ ಬರೆದ ದಿನದ ತಾರೀಕನ್ನೇ ಹಾಕಿ, ಹಿಂದಿನ ತಾರೀಕಿನಲ್ಲಿ ಸೇರಿಸಬೇಡಿ. ಯಾರದಾದರೂ ಮಾಸಾಶನವನ್ನು ಅವರ ಪರವಾಗಿ ತೆಗೆದುಕೊಟ್ಟರೆ ಮೊತ್ತ, ತಾರೀಕು, ಪಡೆದವರ ಸಹಿ ಅಥವಾ ಹೆಬ್ಬೆಟ್ಟು, ಒಬ್ಬ ಸಾಕ್ಷಿ, ಇವಿಲ್ಲದೆ ಒಂದು ರೂಪಾಯಿಯೂ ಕೈ ಬದಲಾಗಬಾರದು.

ಕಡತದ ಬೆನ್ನಿನ ಮೇಲೆ ಹೆಸರಿನ ಬದಲು ಸಂಖ್ಯೆ ಬರೆದು, ಹೆಸರುಗಳ ಪಟ್ಟಿಯನ್ನು ಬೇರೆಡೆ ಇಡಿ. ಪಂಚಾಯಿತಿ ಕಚೇರಿಯ ಮೇಜಿನ ಮೇಲೆ ತೆರೆದಿಟ್ಟ ಪುಸ್ತಕವನ್ನು ಊರಿನವರೆಲ್ಲ ಓದುತ್ತಾರೆ, ಮತ್ತು ಮನೆಯೊಂದರ ಮಾನಸಿಕ ಕಾಯಿಲೆಯ ಸುದ್ದಿ ಅಲ್ಲಿಂದಲೇ ಹೊರಟು ತಂಗಿಯ ಮದುವೆಯ ಮಾತುಕತೆಗೆ ಅಡ್ಡಿಯಾಗಬಲ್ಲದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಈ ಗೋಪ್ಯತೆಯನ್ನು ವ್ಯಕ್ತಿಯ ಹಕ್ಕೆಂದೇ ಹೇಳುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ, ಯುಡಿಐಡಿ ಕಾರ್ಡಿನ ಚಿತ್ರ ಹಾಕುವ ರೂಢಿಯನ್ನು ಬಿಡಲೇಬೇಕು. ಅನುಮತಿ ಪಡೆದಾಗಲೂ ಯಾವ ಉದ್ದೇಶಕ್ಕೆ ಎಂಬುದನ್ನು ಬರೆಯಿಸಿಕೊಳ್ಳಿ. ಗಾಲಿಕುರ್ಚಿಯ ಅರ್ಜಿಗೆಂದು ಕೊಟ್ಟ ಫೋಟೊವನ್ನು ವಾರ್ಷಿಕ ವರದಿಯ ಮುಖಪುಟಕ್ಕೆ ಬಳಸುವಂತಿಲ್ಲ. ಕಾಗದದ ಕಡತಗಳನ್ನು ಗೋಡೆಗೆ ತಾಗದಂತೆ ಕಬ್ಬಿಣದ ಬೀರುವಿನಲ್ಲಿಡಿ. ಮಲೆನಾಡಿನಲ್ಲಿ ಮಳೆಗಾಲದ ತೇವ, ಬಯಲುಸೀಮೆಯಲ್ಲಿ ಗೆದ್ದಲು ಇವೆರಡೂ ದಾಖಲೆಗಳನ್ನು ನುಂಗಿರುವುದನ್ನು ನೋಡಿದ್ದೇನೆ.

ಕೆಲಸ ಬಿಟ್ಟು ಹೋಗುವಾಗ ಬೀರುವಿನ ಬೀಗದ ಕೈ ಒಪ್ಪಿಸಿದರೆ ಸಾಲದು. ಯಾರ ಪ್ರಮಾಣಪತ್ರ ಯಾವ ತಿಂಗಳು ಮುಗಿಯುತ್ತದೆ, ಯಾರ ಅರ್ಜಿ ಯಾವ ಕಚೇರಿಯಲ್ಲಿದೆ, ಸ್ವೀಕೃತಿಯ ಸಂಖ್ಯೆ ಯಾವುದು, ಯಾವ ಮನೆಗೆ ಈ ವಾರವೇ ಹೋಗಬೇಕು ಎಂಬ ಪಟ್ಟಿಯನ್ನು ಬರೆದು ಇಬ್ಬರೂ ಸಹಿ ಮಾಡಿ. ಸಾಧ್ಯವಾದರೆ ಹೊಸಬರನ್ನು ಹೆಚ್ಚು ಅಗತ್ಯವಿರುವ ನಾಲ್ಕೈದು ಮನೆಗಳಿಗೆ ನೀವೇ ಕರೆದುಕೊಂಡು ಹೋಗಿ, ಅಲ್ಲಿಯೇ ಪುಸ್ತಕ ತೆರೆದು, ಅಂದಿನ ಟಿಪ್ಪಣಿಯನ್ನು ಅವರ ಕೈಯಿಂದ ಬರೆಸಿ, ಮನೆಯವರಿಗೆ ಓದಿ ಹೇಳಿಸಿ.