ಪರದೆಯ ಬಣ್ಣವೇ ಪ್ರಿಂಟ್‌ನಲ್ಲೂ ಬರಬೇಕೆ? ಮೊದಲು ಬ್ರೈಟ್‌ನೆಸ್ ಇಳಿಸಿ

ಮದುವೆ ಆಲ್ಬಮ್‌ಗೆಂದು ಕಳಿಸಿದ ಫೋಟೊಗಳು ಲ್ಯಾಬ್‌ನಿಂದ ಬಂದಾಗ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ: ‘ಕಂಪ್ಯೂಟರ್‌ನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಾಗಿ ಬಂದಿದೆ.’ ಬೈಸಿಕೊಳ್ಳುವವರು ಲ್ಯಾಬ್‌ನವರು. ಆದರೆ ಬಹಳಷ್ಟು ಸಲ ತಪ್ಪು ಮಾನಿಟರ್‌ನದು. ಅಂಗಡಿಯಲ್ಲಿ ಕಣ್ಸೆಳೆಯಲೆಂದು ಕಂಪನಿಗಳು ಅದರ ಬೆಳಕನ್ನು 250–300 ನಿಟ್ಸ್‌ವರೆಗೂ (ನಿಟ್ಸ್ ಎಂದರೆ ಪರದೆಯ ಬೆಳಕಿನ ಅಳತೆ) ಏರಿಸಿಟ್ಟಿರುತ್ತವೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ದೀಪ ಕೊಟ್ಟಿದ್ದರಲ್ಲೇ ಒಂದಿಷ್ಟನ್ನು ವಾಪಸ್ ಕಳಿಸುತ್ತದೆ. ಉರಿಯುವ ಪರದೆ ನೋಡುತ್ತಾ ಎಡಿಟ್ ಮಾಡುವವರು ತಮಗೇ ಗೊತ್ತಾಗದಂತೆ ಫೋಟೊವನ್ನು ಕಪ್ಪು ಮಾಡಿರುತ್ತಾರೆ.

ತಯಾರಿ

ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ, ಬೆಳಕು ಒಂದು ಹದಕ್ಕೆ ಬರಲಿ. ನೈಟ್ ಲೈಟ್, ಟ್ರೂ ಟೋನ್, ಆಟೊ ಬ್ರೈಟ್‌ನೆಸ್, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲವನ್ನೂ ಆಫ್ ಮಾಡಿ. ವಿವಿಡ್, ಗೇಮ್, ಮೂವಿ ಮೋಡ್‌ಗಳು ಬೇಡ. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳುತ್ತಿದ್ದರೆ ಟೇಬಲ್ಲನ್ನೇ ತಿರುಗಿಸಿ.

ಬ್ರೈಟ್‌ನೆಸ್

ಅರ್ಧ ಸಮಸ್ಯೆ ಮುಗಿಯುವುದು ಇಲ್ಲೇ, ಇದಕ್ಕೆ ದುಡ್ಡೂ ಖರ್ಚಾಗುವುದಿಲ್ಲ. ಫೋಟೊ ಪೇಪರ್‌ನ ಖಾಲಿ ಹಾಳೆಯೊಂದನ್ನು ಮಾನಿಟರ್ ಪಕ್ಕದಲ್ಲಿ, ಪ್ರಿಂಟ್ ನೋಡುವ ದೀಪದ ಕೆಳಗೆ ನಿಲ್ಲಿಸಿ. ಪರದೆಯಲ್ಲಿ ಏನೂ ಇಲ್ಲದ ಬಿಳಿ ಫೈಲ್ ತೆರೆಯಿರಿ. ಒಮ್ಮೆ ಹಾಳೆ, ಒಮ್ಮೆ ಪರದೆ ನೋಡುತ್ತಾ ಬ್ರೈಟ್‌ನೆಸ್ ಇಳಿಸುತ್ತಾ ಹೋಗಿ. ಪರದೆ ದೀಪದಂತೆ ಕಾಣುವುದು ನಿಂತು ಕಾಗದದಂತೆ ಕಂಡಾಗ ನಿಲ್ಲಿಸಿ. ಸಾಮಾನ್ಯವಾಗಿ ಇದು 80ರಿಂದ 120 ನಿಟ್ಸ್ ನಡುವೆ ಬರುತ್ತದೆ. ಮೊದಮೊದಲು ಪರದೆ ಮಂಕು ಬಡಿದಂತೆ ಕಾಣುತ್ತದೆ. ಮತ್ತೆ ಏರಿಸಲು ಹೋಗಬೇಡಿ, ಕಣ್ಣು ಹೊಂದಿಕೊಳ್ಳುತ್ತದೆ.

ದೀಪದ್ದೂ ಪಾತ್ರವಿದೆ. ಪ್ರಿಂಟ್ ನೋಡಲು ಮುದ್ರಣ ಉದ್ಯಮ ಒಪ್ಪಿರುವ ಬೆಳಕು 5000 ಕೆಲ್ವಿನ್ (ಇದು ಬೆಳಕಿನ ಛಾಯೆಯ ಅಳತೆ; ಸಂಖ್ಯೆ ಇಳಿದಷ್ಟೂ ಹಳದಿ). ನಮ್ಮ ಮನೆಗಳ ಬಿಳಿ ಎಲ್‌ಇಡಿ ಟ್ಯೂಬ್ ಹೆಚ್ಚಾಗಿ 6500, ಹಳದಿ ಬಲ್ಬ್ 2700–3000. ಒಂದೇ ಪ್ರಿಂಟ್‌ನಲ್ಲಿರುವ ರೇಷ್ಮೆ ಸೀರೆ ಇವೆರಡರ ಕೆಳಗೆ ಎರಡು ಥರ ಕಾಣುತ್ತದೆ.

ಬಣ್ಣ

ವಿಂಡೋಸ್‌ನಲ್ಲಿ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಎಂದು ಹುಡುಕಿದರೆ ಒಂದು ಉಚಿತ ಸಾಧನ ಸಿಗುತ್ತದೆ. ಏನೂ ಇಲ್ಲದಿದ್ದಕ್ಕೆ ಅದು ವಾಸಿ, ಅಷ್ಟೇ. ಐದು ನಿಮಿಷ ಹಳದಿ ಛಾಯೆಯ ಪರದೆ ನೋಡಿದರೆ ನಮ್ಮ ಕಣ್ಣು ಅದನ್ನೇ ಬಿಳಿ ಅಂದುಕೊಳ್ಳುತ್ತದೆ. ಅಂಥ ಕಣ್ಣನ್ನು ನಂಬಿ ಬಣ್ಣ ತಿದ್ದುವುದು ಕಷ್ಟ. ಅದಕ್ಕಾಗಿಯೇ ಬಣ್ಣ ಅಳೆಯುವ ಉಪಕರಣ ಕಲರಿಮೀಟರ್ ಇದೆ. ಸ್ಪೈಡರ್, ಕ್ಯಾಲಿಬ್ರೈಟ್ ಹೆಸರಿನವು ಸಿಗುತ್ತವೆ. ಯುಎಸ್‌ಬಿಗೆ ಸಿಕ್ಕಿಸಿ ಪರದೆಗೆ ಆನಿಸಿ ಇಳಿಬಿಟ್ಟರೆ ಕೆಂಪು, ಹಸಿರು, ನೀಲಿ, ಬೂದು ಚೌಕಗಳು ಒಂದಾದ ಮೇಲೊಂದು ಮೂಡುತ್ತವೆ. ಉಪಕರಣ ಅವನ್ನು ಅಳೆದು ನಿಮ್ಮ ಮಾನಿಟರ್‌ಗೆಂದೇ ಒಂದು ಐಸಿಸಿ ಪ್ರೊಫೈಲ್, ಅಂದರೆ ಅದು ಬಣ್ಣಗಳನ್ನು ಹೇಗೆ ತೋರಿಸುತ್ತದೆಂಬ ವಿವರದ ಫೈಲ್, ಬರೆಯುತ್ತದೆ. ಸಾಫ್ಟ್‌ವೇರ್ ಕೇಳಿದಾಗ ವೈಟ್ ಪಾಯಿಂಟ್ (ಬಿಳಿಯ ಛಾಯೆ) 6500 ಕೆಲ್ವಿನ್, ಗಾಮಾ (ಕಪ್ಪು-ಬಿಳಿ ನಡುವಿನ ಛಾಯೆಗಳ ಹೊಳಪು) 2.2, ಬೆಳಕು 100 ನಿಟ್ಸ್ ಎಂದು ಕೊಡಿ. ಬೇಕಾಗುವುದು ತಿಂಗಳಿಗೊಮ್ಮೆ, ಹಾಗಾಗಿ ನಾಲ್ಕೈದು ಗೆಳೆಯರು ಸೇರಿ ಒಂದನ್ನು ಕೊಂಡರೂ ನಡೆಯುತ್ತದೆ.

ಅಗ್ಗದ ಲ್ಯಾಪ್‌ಟಾಪ್‌ಗಳ ಬಗ್ಗೆ ಒಂದು ಮಾತು. ಅಂಥ ಎಷ್ಟೋ ಪರದೆಗಳು ಎಸ್‌ಆರ್‌ಜಿಬಿ (ಪರದೆ, ಫೋಟೊಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಗುಂಪು) ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ತೋರಿಸುತ್ತವೆ. ಇಲ್ಲದ ಬಣ್ಣವನ್ನು ಯಾವ ಕ್ಯಾಲಿಬ್ರೇಷನ್ನೂ ತಂದುಕೊಡದು.

ಕಾಗದದ ಮುನ್ನೋಟ

ನೀವು ಬಳಸುವ ಪೇಪರ್‌ನ ಪ್ರೊಫೈಲನ್ನು (ಅದರ ಮೇಲೆ ಬಣ್ಣ ಹೇಗೆ ಬರುತ್ತದೆಂಬ ವಿವರದ ಫೈಲ್) ಲ್ಯಾಬ್‌ನವರಿಂದಲೋ ಪೇಪರ್ ಕಂಪನಿಯ ಜಾಲತಾಣದಿಂದಲೋ ಪಡೆಯಿರಿ. ಫೋಟೊಶಾಪ್‌ನಲ್ಲಿ ವ್ಯೂ, ಪ್ರೂಫ್ ಸೆಟಪ್, ಕಸ್ಟಮ್‌ಗೆ ಹೋಗಿ ಅದನ್ನು ಆರಿಸಿ. ಲೈಟ್‌ರೂಮ್‌ನ ಡೆವಲಪ್ ವಿಭಾಗದಲ್ಲಿ ‘ಎಸ್’ ಕೀ ಒತ್ತಿ ಅದೇ ಪ್ರೊಫೈಲ್ ಆರಿಸಿದರಾಯಿತು. ರಾಣಿ ಪಿಂಕ್ ಸೀರೆ, ನವಿಲು ನೀಲಿ ಅಂಚು ಇಲ್ಲಿ ತುಸು ಬಾಡಿದಂತೆ ಕಂಡರೆ ಗಾಬರಿ ಬೇಡ, ಕಾಗದದ ಮೇಲಿನ ಶಾಯಿಗೆ ನಿಲುಕುವುದು ಅಷ್ಟೇ. ‘ಸಿಮ್ಯುಲೇಟ್ ಪೇಪರ್ ಕಲರ್’ ಒತ್ತುವಾಗ ಮುಖ ಆಚೆ ತಿರುಗಿಸಿ, ಬಳಿಕ ನೋಡಿ. ಚಿತ್ರ ಕಣ್ಣೆದುರೇ ಪೇಲವವಾಗುವುದನ್ನು ಕಂಡರೆ ಯಾರಿಗೂ ಅದು ಇಷ್ಟವಾಗುವುದಿಲ್ಲ.

ಪ್ರಿಂಟ್

ಮನೆಯ ಪ್ರಿಂಟರ್ ಆದರೆ ಬಣ್ಣದ ಹೊಣೆ ಒಬ್ಬರದೇ ಇರಲಿ. ಫೋಟೊಶಾಪ್‌ಗೆ ವಹಿಸಿದರೆ ಪ್ರಿಂಟರ್ ಡ್ರೈವರ್‌ನಲ್ಲಿ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬಣ್ಣ ತಿದ್ದುವಿಕೆ ಆಫ್ ಮಾಡಿ. ಇಬ್ಬರೂ ಕೈ ಹಾಕಿದರೆ ಮುಖಗಳಿಗೆ ವಿಚಿತ್ರ ಛಾಯೆ ಬರುತ್ತದೆ. ಲ್ಯಾಬ್‌ಗೆ ಕಳಿಸುವುದಾದರೆ, ಅವರು ಬೇರೆ ಕೇಳದ ಹೊರತು ಎಸ್‌ಆರ್‌ಜಿಬಿ ಜೆಪೆಗ್ ಕೊಡಿ. ಅದಕ್ಕಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬ್ ಆರ್‌ಜಿಬಿ ಫೈಲ್‌ನ ಪ್ರೊಫೈಲನ್ನು ಲ್ಯಾಬ್‌ನ ಯಂತ್ರ ಗಮನಿಸದಿದ್ದರೆ ಬಣ್ಣ ಸಪ್ಪೆಯಾಗುತ್ತದೆ. ‘ಆಟೊ ಕರೆಕ್ಷನ್ ಬೇಡ’ ಎಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ನೀವು ಪಟ್ಟ ಶ್ರಮವನ್ನು ಯಂತ್ರ ತನ್ನಿಷ್ಟದಂತೆ ತಿದ್ದೀತು.

ಇಡೀ ಆಲ್ಬಮ್‌ಗೆ ಮುಂಚೆ ಮುಖ, ಬಿಳಿ ಪಂಚೆ, ಗಾಢ ಬಣ್ಣದ ಸೀರೆ ಮೂರೂ ಇರುವ ಒಂದು ಫೋಟೊವನ್ನು 4×6 ಅಳತೆಯಲ್ಲಿ ಹಾಕಿಸಿ ನೋಡಿ. ಅದು ತಾಳೆಯಾಗದಿದ್ದರೆ ಕ್ಯಾಲಿಬ್ರೇಟ್ ಮಾಡಿದ ಮಾನಿಟರನ್ನು ಮುಟ್ಟಬೇಡಿ. ದೀಪ, ಪ್ರೊಫೈಲ್, ಲ್ಯಾಬ್‌ನ ಕರೆಕ್ಷನ್ ಇವನ್ನು ಒಂದೊಂದಾಗಿ ಪರಿಶೀಲಿಸಿ. ಇಂಕ್‌ಜೆಟ್ ಪ್ರಿಂಟ್ ಆದರೆ ಈಚೆ ಬಂದ ಕೂಡಲೇ ತೀರ್ಪು ಕೊಡಬೇಡಿ. ಶಾಯಿ ಒಣಗುತ್ತಾ ಬಣ್ಣ ತುಸು ಬದಲಾಗುತ್ತದೆ, ಒಂದು ದಿನ ಬಿಟ್ಟು ನೋಡಿ.