ಶನಿವಾರ ಹಳ್ಳದ ದಂಡೆಗೆ

ಮಲೆನಾಡಿನ ಮಕ್ಕಳಿಗೆ ಕಾಡು, ಹಳ್ಳ, ಹಕ್ಕಿ ಎಲ್ಲ ಗೊತ್ತು ಅಂತ ಹೊರಗಿನವರು ಅಂದುಕೊಂಡಿದ್ದಾರೆ. ಮೂಡಿಗೆರೆ ಕಡೆಯ ನಮ್ಮ ಶಾಲೆಯಲ್ಲಿ ಐದನೇ ತರಗತಿಯವರಿಗೆ ಕಾಫಿ ತೋಟದ ನೆರಳಿನ ಮರಗಳಲ್ಲಿ ಸಿಲ್ವರ್ ಓಕ್, ಹಲಸು ಬಿಟ್ಟರೆ ಬೇರೆ ಹೆಸರು ಬರುತ್ತಿರಲಿಲ್ಲ. ಅತ್ತಿ, ಬಸರಿ ಯಾವುದೂ ಗೊತ್ತಿಲ್ಲ. ಮೊಬೈಲ್ ಆಟದ ಬಂದೂಕುಗಳ ಹೆಸರು ಮಾತ್ರ ಬಾಯಿಪಾಠ.

ಎಲ್ಲದಕ್ಕೂ ಮೊಬೈಲನ್ನು ಬೈಯುವುದು ಸುಲಭ. ನಮ್ಮಲ್ಲಿ ಆನೆಯೂ ಇದೆ. ಆನೆ ಓಡಾಡುವ ತೋಟದಲ್ಲಿ ಮಕ್ಕಳನ್ನು ಆಡಲು ಬಿಡಿ ಅಂತ ಯಾವ ಬಾಯಲ್ಲಿ ಹೇಳುವುದು? ಕೆಲಸ ಮುಗಿಸಿ ಸುಸ್ತಾಗಿ ಬಂದ ತಾಯಿಗೆ, ಬಾಗಿಲು ಹಾಕಿ ಮಗುವಿನ ಕೈಗೆ ಫೋನ್ ಕೊಟ್ಟರೇ ನೆಮ್ಮದಿ. ಅದು ಸೋಮಾರಿತನ ಅಲ್ಲ, ಭಯ.

ಹಾಗಾಗಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಷ್ಟವಿದ್ದವರನ್ನು ಶಾಲೆಯ ಕೆಳಗಿನ ಹಳ್ಳಕ್ಕೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಎರಡೂ ಕಡೆ ಬಯಲು, ದೂರದವರೆಗೆ ಕಾಣುತ್ತದೆ. ಹೊರಡುವ ಮೊದಲು ಆನೆ ಎಲ್ಲಿದೆ ಅಂತ ವಾಟ್ಸಾಪ್ ಗ್ರೂಪ್ ನೋಡುತ್ತೇನೆ. ಹತ್ತಿರ ಇದೆ ಅಂದರೆ ಅವತ್ತು ಹೋಗುವುದಿಲ್ಲ. ಸೀಟಿ ಊದಿದರೆ ಎಲ್ಲರೂ ಮಾತಿಲ್ಲದೆ ದೊಡ್ಡ ಬಂಡೆಯ ಹತ್ತಿರ ಬರಬೇಕು. ಉಂಬಳಕ್ಕೆ, ಅಂದರೆ ಜಿಗಣೆಗೆ, ಬಟ್ಟೆಯಲ್ಲಿ ಉಪ್ಪಿನ ಗಂಟು. ಇಷ್ಟೇ ತಯಾರಿ.

ತಂದೆತಾಯಿಯರ ಹತ್ತಿರ ಪರಿಸರ ಪ್ರೀತಿ ಅಂತ ಮಾತಾಡಿದರೆ ತಲೆ ಆಡಿಸುತ್ತಾರೆ, ಮಕ್ಕಳನ್ನು ಕಳಿಸುವುದಿಲ್ಲ. ಕಣ್ಣಿನ ವಿಷಯ ಹೇಳಿದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ. ತೈವಾನ್‌ನಲ್ಲಿ 2010ರಿಂದ ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಮಾಡಿದರು. ವರ್ಷ ವರ್ಷ ಏರುತ್ತಿದ್ದ ದೃಷ್ಟಿದೋಷ ಆಮೇಲೆ ಸ್ವಲ್ಪ ಇಳಿಯಿತು. ಕನ್ನಡಕದ ಖರ್ಚು ಅಂದ ಕೂಡಲೇ ಒಪ್ಪಿಗೆ ಚೀಟಿಗೆ ಸಹಿ ಬಿತ್ತು!

ಮೊದಮೊದಲು ಮಕ್ಕಳು ಬಂಡೆ ಮೇಲೆ ಕೂತು "ಮಿಸ್, ಈಗ ಏನ್ ಮಾಡೋದು?" ಅಂತ ಕೇಳುತ್ತಿದ್ದರು. "ಏನೂ ಇಲ್ಲ" ಅಂದೆ. ಮೇಷ್ಟರ ಕೆಲಸದವರಿಗೆ ಸುಮ್ನೆ ಇರುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ದಾರಿ ತೋರಿಸಿದವನು ಒಬ್ಬ ಅಸ್ಸಾಂ ಹುಡುಗ. ತೋಟದ ಕೆಲಸದವರ ಲೈನ್ ಮನೆಯವನು, ಕನ್ನಡ ಅರ್ಧಂಬರ್ಧ, ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನು ನೀರಿಗಿಳಿದು ಒಂದು ಕಲ್ಲು ಎತ್ತಿ ಏಡಿ ತೋರಿಸಿದ. ಅಷ್ಟೇ, ಎಲ್ಲರೂ ನೀರಿಗೆ ಬಿದ್ದರು. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಬೇಕು ಅನ್ನುವುದೊಂದೇ ನಾನು ಹಾಕಿದ ಷರತ್ತು.

ಪ್ರತಿ ವಾರ ಅದೇ ಜಾಗಕ್ಕೆ ಹೋಗುವುದು ನನ್ನ ಹಟ. ಹೊಸ ಜಾಗಕ್ಕೆ ಹೋದರೆ ಮಕ್ಕಳು ಫೋಟೊ ಕೇಳುತ್ತಾರೆ, ಗೊತ್ತಿರುವ ಜಾಗದಲ್ಲಿ ಬದಲಾವಣೆ ಹುಡುಕುತ್ತಾರೆ. ಹುಲ್ಲಿನ ಕಡ್ಡಿಗೆ ಅಂಟಿದ್ದ ಒಂದು ಒಣ ಸಿಪ್ಪೆ ಹುಡುಗಿಯೊಬ್ಬಳಿಗೆ ಸಿಕ್ಕಿತು. ಸತ್ತ ಹುಳ ಅಂತ ಒಬ್ಬ, ಜೇಡ ಅಂತ ಇನ್ನೊಬ್ಬ. ಅದು ಏರೋಪ್ಲೇನ್ ಚಿಟ್ಟೆ ಬಿಟ್ಟುಹೋದ ಪೊರೆ. ಅದರ ಮರಿ ನೀರಿನೊಳಗೇ ಬೇಟೆಯಾಡಿಕೊಂಡು ಬೆಳೆದು, ಕೊನೆಗೆ ಕಡ್ಡಿ ಹತ್ತಿ, ಬೆನ್ನು ಸೀಳಿ ರೆಕ್ಕೆ ಬಿಚ್ಚುತ್ತದೆ. ನಾನು ಉತ್ತರ ಹೇಳಿದ್ದು ಮೂರನೇ ವಾರ. ಅಷ್ಟರಲ್ಲಿ ಅವರೇ ನೀರಲ್ಲಿ ಅಂಥದ್ದೇ ಜೀವ ಹಿಡಿದು, ಪೊರೆ ಪಕ್ಕ ಇಟ್ಟು ಹೋಲಿಸಿ ನೋಡಿದ್ದರು.

ಮನೆಗೆ ಹೋದ ಮೇಲೆ ಫೋನ್ ಹಾಗೇ ಇದೆ. ಅದನ್ನು ಬಿಡಿಸುವ ಕೆಲಸ ನಾನು ಹೊತ್ತುಕೊಂಡಿಲ್ಲ.

ಜುಲೈ ಮಳೆಗೆ ಹಳ್ಳ ಏರಿದಾಗ ಹೋಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ರಕ್ತ ಹೀರುವ ಪುಟ್ಟ ಹುಳ, ಜಾಸ್ತಿ, ಆಗ ತರಗೆಲೆ ಇರುವ ಕಡೆ ಕಾಲಿಡುವ ಹಾಗಿಲ್ಲ. ಆ ದಿನಗಳಲ್ಲಿ ಮೈದಾನದಲ್ಲೇ ಲಗೋರಿ. ನಿಯಮಗಳನ್ನು ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದಿದ್ದೆ. ಒಬ್ಬೊಬ್ಬರ ಅಪ್ಪ, ಅಜ್ಜ ಒಂದೊಂದು ಹೇಳಿ ಕಳಿಸಿದ್ದರು. ಯಾರದ್ದು ಸರಿ ಅಂತ ಅರ್ಧ ಗಂಟೆ ಜಗಳವೇ ಆಯಿತು. ನಾನು ತಲೆ ಹಾಕಲಿಲ್ಲ. ಈಗ ಪ್ರತಿ ಆಟಕ್ಕೆ ಮುಂಚೆ ಯಾರ ಮನೆ ನಿಯಮ ಅಂತ ಚೀಟಿ ಎತ್ತುತ್ತಾರೆ.