ಕೊಡಗಿನ ತೇವದಲ್ಲಿ ವಿಸಿಆರ್ ಮತ್ತು ಹಳೇ ಕ್ಯಾಸೆಟ್: ನನ್ನ ಅನುಭವ

ಅಟ್ಟದಲ್ಲೋ ಬೀರುವಿನಲ್ಲೋ ಹಳೇ ಮದುವೆ ಕ್ಯಾಸೆಟ್ ಸಿಕ್ಕಿದರೆ ಅದನ್ನು ಸೀದಾ ವಿಸಿಆರ್‌ಗೆ, ಅಂದರೆ ವಿಡಿಯೋ ಕ್ಯಾಸೆಟ್ ಓಡಿಸುವ ಮೆಷೀನಿಗೆ, ಹಾಕಬೇಡಿ. ನಮ್ಮಲ್ಲಿ ಟೇಪನ್ನೂ ಮೆಷೀನನ್ನೂ ಹಾಳುಮಾಡುವುದು ಬಳಕೆಗಿಂತ ಹೆಚ್ಚಾಗಿ ಬೂಷ್ಟು. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಬಿಟ್ಟು, ಸುತ್ತಿದ ಟೇಪಿನ ಅಂಚನ್ನು ಓರೆಯಾಗಿ ನೋಡಿ. ಸರಿಯಿದ್ದರೆ ಕಪ್ಪಗೆ ನುಣ್ಣಗಿರುತ್ತದೆ. ಬಿಳಿ ಪುಡಿ, ಬೂದು ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ ಎಂದೇ ಲೆಕ್ಕ. ಅದನ್ನು ಒಮ್ಮೆ ಓಡಿಸಿದರೂ ಸಾಕು, ಪುಡಿ ಒಳಗೆ ತಿರುಗುವ ಡ್ರಮ್ಮಿಗೆ (ಟೇಪು ಸುತ್ತಿ ಹಾಯುವ ಉರುಳೆಗೆ), ರೋಲರ್‌ಗಳಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಬೂಷ್ಟು ಹಿಡಿದದ್ದನ್ನು ನಾನು ಬೇರೆ ಇಡುತ್ತೇನೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಎರಡು ಮೂರು ವಾರ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಹರಳನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಕ್ಯಾಸೆಟ್ಟನ್ನು ಬಿಸಿಲಿಗೆ ಹಾಕುವುದು, ಒಲೆಯ ಮೇಲಿನ ಅಟ್ಟದಲ್ಲಿಡುವುದು ಬೇಡವೇ ಬೇಡ, ಟೇಪು ಸೊಟ್ಟಗಾಗುತ್ತದೆ. ಒಣಗಿದ ಮೇಲೆ, ಚಿತ್ರ ನೋಡಲು ಬಳಸದ ಇನ್ನೊಂದು ಹಳೇ ಮೆಷೀನಿನಲ್ಲಿ, ಮನೆಯ ಹೊರಗೆ, ಮಾಸ್ಕ್ ಕಟ್ಟಿಕೊಂಡು, ನೂಲು ಬಿಡದ ಮೆತ್ತನೆ ಬಟ್ಟೆಯ ನಡುವೆ ಟೇಪು ಹಾಯುವಂತೆ ಹಿಡಿದು ಈ ತುದಿಯಿಂದ ಆ ತುದಿಗೆ ಸುತ್ತಿಸುತ್ತೇನೆ. ಪ್ರತಿ ಕ್ಯಾಸೆಟ್ ಆದ ಮೇಲೂ ಆ ಮೆಷೀನನ್ನು ಒರೆಸಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಚಿತ್ರ ಪೂರ್ತಿ ಚುಕ್ಕಿ ಚುಕ್ಕಿ, ದನಿ ಮಾತ್ರ ಸ್ಪಷ್ಟ ಎಂದಾದರೆ ವಿಡಿಯೋ ಹೆಡ್ಡಿಗೆ (ಟೇಪಿನಿಂದ ಚಿತ್ರ ಓದುವ ಭಾಗಕ್ಕೆ) ಕೊಳೆ ಕಟ್ಟಿದೆ. ಸಾದಾ ಮೆಷೀನಿನಲ್ಲಿ ದನಿಯನ್ನು ಓದುವುದು ಅಲುಗದೆ ನಿಂತ ಬೇರೆ ಹೆಡ್. ಚಿತ್ರದ ಹೆಡ್ ಇರುವುದು 62 ಮಿ.ಮೀ. ಅಗಲದ ಡ್ರಮ್ಮಿನಲ್ಲಿ, ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಟೇಪಿನ ಮೇಲೆ ಅದು ಬರೆದ ಒಂದು ಗೆರೆಯ ಅಗಲ ಸುಮಾರು 0.049 ಮಿ.ಮೀ., ಹಾಗಾಗಿ ಕಣ್ಣಿಗೆ ಕಾಣದಷ್ಟು ಕೊಳೆಯೂ ಚಿತ್ರವನ್ನು ಕಟ್ಟಿಹಾಕುತ್ತದೆ. ಅಡ್ಡಲಾಗಿ ಒಂದು ಪಟ್ಟಿ ಮಾತ್ರ ಬಂದರೆ ಹೆಡ್ಡಿಗೆ ಕೈ ಹಾಕುವ ಮೊದಲು ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿನ ಗೆರೆಗೆ ಹೊಂದಿಸುವ ಗುಂಡಿ) ತಿರುಗಿಸಿ ನೋಡಿ.

ಹೆಡ್ ಒರೆಸುವಾಗ ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆ ಚರ್ಮದ ತುಂಡನ್ನು ಡ್ರಮ್ಮಿನ ಬದಿಗೆ ಮೆಲ್ಲಗೆ ಒತ್ತಿ ಹಾಗೇ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೇಲಿನಿಂದ ಹಿಡಿದು ನಾಲ್ಕಾರು ಸುತ್ತು ತಿರುಗಿಸಿ. ಅಲುಗಬೇಕಾದ್ದು ಡ್ರಮ್, ಚರ್ಮವಲ್ಲ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಹತ್ತಿಕಡ್ಡಿ ಬಳಸಿದರೆ ನೂಲು ಸಿಕ್ಕಿಕೊಳ್ಳುತ್ತದೆ. ಆಡಿಯೋ ಹೆಡ್ಡಿಗೆ, ಟೇಪನ್ನು ಮುಂದೆ ದೂಡುವ ಕ್ಯಾಪ್‌ಸ್ಟನ್ ಕಂಬಿಗೆ ಹತ್ತಿಕಡ್ಡಿ ಆಗಬಹುದು. ಟೇಪನ್ನು ಆ ಕಂಬಿಗೆ ಒತ್ತುವ ರಬ್ಬರಿನ ಪಿಂಚ್ ರೋಲರ್‌ಗೆ ಮಾತ್ರ ಸ್ವಲ್ಪ ಸೋಪಿನ ನೀರು ಸಾಕು, ಆಲ್ಕೊಹಾಲ್ ರಬ್ಬರನ್ನು ಒಣಗಿಸಿಬಿಡುತ್ತದೆ. ಎಲ್ಲ ಪೂರ್ತಿ ಆರಿದ ಮೇಲೆಯೇ ಕ್ಯಾಸೆಟ್ ಹಾಕಿ.

ಮೆಷೀನು ಟೇಪು ತಿಂದರೆ ಮೊದಲು ಐಡ್ಲರ್ ರಬ್ಬರನ್ನು (ಟೇಪು ಸುತ್ತುವ ಚಕ್ರವನ್ನು ತಿರುಗಿಸುವ ರಬ್ಬರಿನ ಗಾಲಿಯನ್ನು) ಅನುಮಾನಿಸಿ. ಅದು ಗಟ್ಟಿಯಾಗಿ ಜಾರಿದರೆ ಕ್ಯಾಪ್‌ಸ್ಟನ್ ದೂಡುತ್ತಲೇ ಇರುತ್ತದೆ, ಚಕ್ರ ಸುತ್ತಿಕೊಳ್ಳುವುದಿಲ್ಲ, ಟೇಪು ಒಳಗೆ ರಾಶಿ ಬೀಳುತ್ತದೆ. ಎಳೆಯಬೇಡಿ. ಮುಚ್ಚಳ ತೆಗೆದು ಟೇಪನ್ನು ಡ್ರಮ್ಮಿಗೆ ಎಳೆದುಕೊಳ್ಳುವ ಲೋಡಿಂಗ್ ಮೋಟಾರನ್ನು ಕೈಯಲ್ಲಿ ತಿರುಗಿಸಿ ಟೇಪನ್ನು ಬಿಡಿಸಿಕೊಳ್ಳಿ. ಮರಳುಕಾಗದದಲ್ಲಿ ರಬ್ಬರನ್ನು ತುಸು ಉಜ್ಜಿದರೆ ಕೆಲವು ದಿನ ನಡೆಯುತ್ತದೆ, ಆಮೇಲೆ ಹೊಸದೇ ಬೇಕು. ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಬರುತ್ತಿಲ್ಲ, ಆದ್ದರಿಂದ ಕೆಟ್ಟ ಮೆಷೀನನ್ನೂ ಬಿಡಿಭಾಗಕ್ಕೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಟೇಪು ಹರಿದಿದ್ದರೆ ಸ್ಪ್ಲೈಸಿಂಗ್ ಟೇಪನ್ನು (ಟೇಪು ಜೋಡಿಸಲೆಂದೇ ಇರುವ ಅಂಟುಪಟ್ಟಿಯನ್ನು) ಒಳಬದಿಗೆ ಹಚ್ಚಿ. ಕ್ಯಾಸೆಟ್ಟಿನ ಬಾಗಿಲು ಎತ್ತಿದಾಗ ಎದುರಿಗೆ ಕಾಣುವುದೇ ಚಿತ್ರವಿರುವ ಬದಿ, ಅದನ್ನು ಮುಟ್ಟಬಾರದು. ಸಾದಾ ಸೆಲ್ಲೋಟೇಪಿನ ಗೋಂದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ.

ಕಕ್ಕಡದ (ಜುಲೈ–ಆಗಸ್ಟ್‌ನ) ಮಳೆಯಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಮೆಷೀನು ಓಡಿಸುತ್ತೇನೆ, ಆ ಕಾವಿಗೇ ಒಳಗಿನ ತೇವ ಆರುತ್ತದೆ. ತಣ್ಣನೆ ಕೋಣೆಯಿಂದ ಬೆಚ್ಚನೆ ಕೋಣೆಗೆ ತಂದರೆ ಎರಡು ಗಂಟೆ ಬಿಡಬೇಕು. ಡ್ರಮ್ಮಿನ ಮೇಲೆ ಹನಿ ಕೂತಿದ್ದರೆ ಟೇಪು ಅದಕ್ಕೇ ಅಂಟಿಕೊಳ್ಳುತ್ತದೆ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ಗುಡುಗು ಕೇಳಿಸಿದ ಕೂಡಲೇ ಪ್ಲಗ್ಗೂ ಆಂಟೆನಾ ವೈರೂ ಎರಡನ್ನೂ ಕಿತ್ತಿಡಿ. ರೇಷ್ಮೆ ಸೀರೆಯ ಬೀರುವಿನಲ್ಲಿ ಉರಿಸುವ ಸಣ್ಣ ಬಲ್ಬು ಕ್ಯಾಸೆಟ್ಟಿನ ಕಪಾಟಿಗೂ ಆಗುತ್ತದೆ, ಆದರೆ ಬಲ್ಬು ಕೆಳಗಿನ ಮೂಲೆಯಲ್ಲಿ ದೂರವಿರಲಿ, ಕ್ಯಾಸೆಟ್ಟುಗಳು ಪೂರ್ತಿ ರಿವೈಂಡ್ ಆಗಿ ನೆಟ್ಟಗೆ ನಿಂತಿರಲಿ.

ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಜನವರಿ, ಫೆಬ್ರವರಿಯ ಒಣ ದಿನಗಳಿಗೆ ಇಟ್ಟುಕೊಳ್ಳಿ. ಮೊದಲು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿದರೆ ಟೇಪಿನ ಬಿಗಿ ಸಮವಾಗುತ್ತದೆ. ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್. ಗುಣಮಟ್ಟ ಕಳೆಯದ ಹಾಗೆ ಹಿಡಿದರೆ ಗಂಟೆಗೆ 30–40 ಜಿಬಿ ಜಾಗ ಬೇಕು. ಇ-180 ಕ್ಯಾಸೆಟ್ಟು ತುಂಬಿದ್ದರೆ ಮೂರು ಗಂಟೆ ಕಾಯಲೇಬೇಕು, ಕರೆಂಟು ಹೋದರೆ ಮೊದಲಿನಿಂದ. ಆದ್ದರಿಂದ ವಿಸಿಆರ್, ಕಂಪ್ಯೂಟರ್ ಎರಡನ್ನೂ ಯುಪಿಎಸ್‌ಗೆ ಕೊಡಿ. ಫೈಲನ್ನು ಎರಡು ಡಿಸ್ಕಿನಲ್ಲಿ ಇಟ್ಟ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.